ಅಪರೂಪದ ಹುಳುವೇ ಯಾಕೆ ಬೇಕು?

“ಭಾಯ್, ಟೆರೇರಿಯಂಗೆ ಏನಾದ್ರೂ ಡಿಫರೆಂಟ್ ಹುಳ ಇದ್ಯಾ?”

ಶಿವಾಜಿನಗರದ ಅಕ್ವೇರಿಯಂ ಅಂಗಡಿಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಹೀಗೆ ಕೇಳುತ್ತಿದ್ದ. ಅವನ ಮೊಣಕೈ ಪಕ್ಕದ ಟ್ರೇಯಲ್ಲೇ ಕೆಂಪು ಟ್ಯೂಬಿಫೆಕ್ಸ್ ಹುಳುಗಳು ಉಣ್ಣೆಯ ಉಂಡೆಯ ಹಾಗೆ ಮಿಸುಕಾಡುತ್ತಿದ್ದವು. ಅದು ಮೀನಿನ ಊಟವಲ್ಲವೇ, ಅವನ ಕಣ್ಣಿಗೆ ಬೀಳಲೇ ಇಲ್ಲ.

ಹುಳು ಸಾಕುವುದಕ್ಕೆ ನನ್ನ ತಕರಾರಿಲ್ಲ. ಕೆರೆಯ ಕೆಸರಿನ ಜೀವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನೂ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಸಾಕುತ್ತೇನೆ. “ಇಷ್ಟು ಓದಿದ್ದು ಇದಕ್ಕೇನಾಮ್ಮಾ?” ಎಂದು ಓನರ್ ಆಂಟಿ ಕೇಳಿದ್ದೂ ಆಯಿತು. ಡಾರ್ವಿನ್ ತನ್ನ ಮನೆಯಲ್ಲಿ ಕುಂಡಗಳಲ್ಲಿ ಎರೆಹುಳು ಇಟ್ಟುಕೊಂಡು, ಅವುಗಳೆದುರು ಪಿಯಾನೊ ನುಡಿಸಿ, ಬಸೂನ್ ಊದಿಸಿ ನೋಡಿದ್ದ. ಹುಳುಗಳು ಸದ್ದಿಗೆ ಅಲುಗಲಿಲ್ಲ; ಕುಂಡವನ್ನು ಪಿಯಾನೊ ಮೇಲೆಯೇ ಇಟ್ಟಾಗ ಕಂಪನಕ್ಕೆ ಬೆದರಿ ಬಿಲ ಸೇರಿದವು. 1881ರಲ್ಲಿ ಅವನು ಬರೆದ ಪುಸ್ತಕದಲ್ಲಿ ಇದೆಲ್ಲ ಇದೆ. ಅವನು ಆರಿಸಿಕೊಂಡದ್ದು ಹಿತ್ತಲಿನ ಹುಳುವನ್ನು.

ನಮ್ಮ ಹವ್ಯಾಸಿಗಳಿಗೆ ಬೇಕಾದದ್ದು ಅಪರೂಪದ್ದು. ಇಂದಿರಾನಗರದ ಪರಿಚಿತರೊಬ್ಬರು ನರ್ಸರಿಯ ಕುಂಡದಲ್ಲಿ ಸಿಕ್ಕ ಹ್ಯಾಮರ್‌ಹೆಡ್ ಹುಳುವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದರು. ಬೀಸಣಿಗೆಯಂಥ ತಲೆ, ರಿಬ್ಬನ್ನಿನಂಥ ಮೈ, ನೋಡಲು ಚೆಂದವೇ. “ಗಿಳಿ ಕೂಡಿಹಾಕೋದಕ್ಕಿಂತ ವಾಸಿ ಅಲ್ವಾ?” ಎಂದರು. ಹೌದು, ಅಲ್ಲಿಯವರೆಗೆ ಒಪ್ಪಿದೆ. ತಿಂಗಳಲ್ಲಿ ಬೇಸರವಾಯಿತು. “ಪಾಪ, ಸಾಯಿಸೋದ್ಯಾಕೆ ಅಂತ ಪಾರ್ಕಿನಲ್ಲಿ ಬಿಟ್ಟುಬಂದೆ” ಎಂದರು, ಪುಣ್ಯ ಕಟ್ಟಿಕೊಂಡವರಂತೆ.

ಆ ಹುಳುವಿನ ಊಟ ಎರೆಹುಳು. ಅದರ ಮೈಯಲ್ಲಿರುವುದು ಪಫರ್ ಮೀನಿನಲ್ಲಿರುವ ವಿಷವೇ. ಅದರ ಒಂದು ಜಾತಿಯನ್ನು 1878ರಲ್ಲಿ ಗುರುತಿಸಿದ್ದು ಲಂಡನ್ನಿನ ಕ್ಯೂ ಉದ್ಯಾನದ ಗಾಜಿನ ಮನೆಯಲ್ಲಿ; ತವರು ಆಗ್ನೇಯ ಏಷ್ಯಾ. ಕುಂಡದ ಮಣ್ಣಿನಲ್ಲಿ ಕೂತೇ ಲೋಕ ಸುತ್ತಿದೆ. ತುಂಡಾದರೂ ಸಾಯುವುದಿಲ್ಲ, ಒಂದು ಎರಡಾಗುತ್ತದೆ. ಬಿಟ್ಟುಬಂದವರ ಕರುಣೆಯ ಸಾಲವನ್ನು ಪಾರ್ಕಿನ ಎರೆಹುಳುಗಳು ತೀರಿಸಬೇಕು. ಸಾಕಲಾಗದಿದ್ದರೆ ಕವರಿನಲ್ಲಿ ಉಪ್ಪು ಹಾಕಿ ಬಿಗಿಯಾಗಿ ಕಟ್ಟಿ ಕೊಲ್ಲಬೇಕು. ಹಾಗೆ ಮಾಡಲು ಮನಸ್ಸು ಬಾರದವರು ಸಾಕಲೂಬಾರದು.

ಇನ್ನು ಆ ಟ್ರೇಯ ಹುಳು. ಟ್ಯೂಬಿಫೆಕ್ಸ್‌ಗೆ ಕೊಳಚೆಯ ಕೆಸರೇ ಮನೆ. ತಲೆಯನ್ನು ಕೆಸರಿನಲ್ಲಿ ಹೂತು, ಬಾಲವನ್ನು ನೀರಿನಲ್ಲಿ ಬೀಸುತ್ತಾ ಉಸಿರಾಡುತ್ತದೆ. ಮೈ ಕೆಂಪಾಗಿರುವುದು ಆಮ್ಲಜನಕವನ್ನು ಹಿಡಿದುಕೊಳ್ಳುವ ರಕ್ತದಿಂದ. ಆಮ್ಲಜನಕ ಕಡಿಮೆಯಾದಂತೆ ಬಾಲವನ್ನು ಇನ್ನಷ್ಟು ಹೊರಚಾಚಿ ಜೋರಾಗಿ ಬೀಸುತ್ತದೆ. ಮೇಜು ಕುಟ್ಟಿದರೆ ಇಡೀ ಗುಂಪು ಸರ್ರನೆ ಕೆಸರೊಳಗೆ! ನನ್ನ ಹಾರ್ಲಿಕ್ಸ್ ಬಾಟಲಿಯಲ್ಲಿ ಇದನ್ನು ನೋಡುತ್ತಾ ಎಷ್ಟೋ ಸಂಜೆ ಕಳೆದಿದ್ದೇನೆ.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಮೀನಿಗೆ ಉಸಿರು ಸಾಲದಾದಾಗಲೂ ಈ ಹುಳು ಬದುಕಬಲ್ಲದು. ಮೀನು ಸತ್ತ ಮೇಲೆ ಕೆರೆಯ ಬಗ್ಗೆ ಮಾತಾಡುವ ನಾವು, ಕೆಸರು ಕೆಂಪಾಗುವಾಗಲೇ ನೋಡಲು ಕಲಿಯಬೇಕಿತ್ತು. ಕೆರೆ ಕೆಡುತ್ತಿದೆ ಎಂದು ಹೇಳುವ ಹುಳುವನ್ನೇ ಹತ್ತಿಪ್ಪತ್ತು ರೂಪಾಯಿಗೆ ಕೊಂಡು ಮೀನಿಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಆಮೇಲೆ ದೂರದೇಶದ ಹುಳುವಿಗೆ ಗಾಜಿನ ಅರಮನೆ ಕಟ್ಟಿ ‘ನಿಸರ್ಗಪ್ರೇಮಿ’ ಅನ್ನಿಸಿಕೊಳ್ಳುತ್ತೇವೆ.

ಸಾಕುವ ಆಸೆಯಿದ್ದರೆ ಒಂದು ಬಾಟಲಿ, ಒಂದು ಹಿಡಿ ಕೆಸರು, ದಿನಾ ಬದಲಿಸುವ ನೀರು ಸಾಕು. ಆಮೇಲೆ ಒಂದು ಸಂಜೆ ಹಲಸೂರು ಕೆರೆಗೆ ಒಳಚರಂಡಿ ಸೇರುವ ಜಾಗಕ್ಕೆ ಹೋಗಿ ಕೆಸರು ನೋಡಿ. ಬಾಟಲಿಯಲ್ಲಿದ್ದುದೇ ಅಲ್ಲಿಯೂ ಬಾಲ ಬೀಸುತ್ತಿದ್ದರೆ, ಅದನ್ನು ಕೊಂಡಾಡಬೇಡಿ. ದೂರು ಬರೆಯಿರಿ.