ಆಕಾಶದಿಂದ ಕಡಲಹಸುಗಳ ತಲೆಯೆಣಿಕೆ

ಬಯಲಿನಲ್ಲಿ ಮೇಯುವ ದನಗಳನ್ನು ಎಣಿಸುವುದು ಸುಲಭ. ಅವು ಕದಡಿದ ನೀರಿನೊಳಗೆ ಮೇಯುತ್ತಿದ್ದರೆ? ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ವಿಜ್ಞಾನಿಗಳ ಮುಂದಿದ್ದ ಲೆಕ್ಕ ಇದು. ಅಲ್ಲಿನ ಆಳವಿಲ್ಲದ ಕಡಲಲ್ಲಿ ಡ್ಯೂಗಾಂಗ್ ಎಂಬ ಸಸ್ತನಿಯಿದೆ. ನಮ್ಮ ಮನ್ನಾರ್ ಕೊಲ್ಲಿಯಲ್ಲೂ ಇರುವ ಈ ಕಡಲಹಸು ಸುಮಾರು 3 ಮೀಟರ್ ಉದ್ದ ಬೆಳೆಯುತ್ತದೆ. ಕಡಲಹುಲ್ಲೇ ಅದರ ಆಹಾರ. ಉಸಿರಿಗಾಗಿ ಆಗಾಗ ಮೇಲೆ ಬಂದು ಮತ್ತೆ ಮುಳುಗಿಬಿಡುತ್ತದೆ.

ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಹೆಲೀನ್ ಮಾರ್ಷ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇವನ್ನು ಎಣಿಸುವ ವಿಧಾನವೊಂದನ್ನು ರೂಪಿಸಿದರು. ಪುಟ್ಟ ವಿಮಾನವೊಂದು 137 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 185 ಕಿ.ಮೀ. ವೇಗದಲ್ಲಿ, ನೇರ ಗೆರೆಗಳಲ್ಲಿ ಹಾರುತ್ತದೆ. ಎರಡೂ ಬದಿಗೆ 200 ಮೀಟರ್ ಅಗಲದ ಪಟ್ಟಿಯಲ್ಲಿ ಕಂಡದ್ದನ್ನಷ್ಟೇ ಎಣಿಸಬೇಕು. ಒಂದೊಂದು ಬದಿಗೂ ಇಬ್ಬರು ವೀಕ್ಷಕರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಕೂಡದು.

ಇಬ್ಬರೇಕೆ? ಒಬ್ಬರು 8 ಕಡಲಹಸು, ಇನ್ನೊಬ್ಬರು 6 ಕಂಡರು, ಇಬ್ಬರಿಗೂ ಕಂಡವು 4 ಎಂದುಕೊಳ್ಳೋಣ. ಎರಡನೆಯವರು ಕಂಡ 6ರಲ್ಲಿ ಮೊದಲನೆಯವರಿಗೆ ಕಂಡವು 4. ಅಂದರೆ ಅವರ ಕಣ್ಣಿಗೆ ಬೀಳುವುದು ಮೂರರಲ್ಲಿ ಎರಡು ಪಾಲು. ಅವರು ಎಣಿಸಿದ 8 ಎರಡು ಪಾಲಾದರೆ ಒಟ್ಟು 12 ಇರಬೇಕು. ಇಬ್ಬರೂ ಸೇರಿ ಕಂಡದ್ದು 10, ಎರಡು ತಪ್ಪಿಸಿಕೊಂಡಿವೆ! ಇನ್ನು ಆಳದಲ್ಲಿದ್ದು ಯಾರಿಗೂ ಕಾಣದವುಗಳ ಲೆಕ್ಕ ಬೇರೆ. ಅದಕ್ಕಾಗಿ ಕಡಲಹಸುವಿನ ಪ್ರತಿಕೃತಿಗಳನ್ನು ನೀರಿಗಿಳಿಸಿ, ಎಷ್ಟು ಆಳದವರೆಗೆ ಕಾಣುತ್ತವೆಂದು ಮೇಲಿನಿಂದ ಪರೀಕ್ಷಿಸಿದರು.

ಈ ಶ್ರಮದ ಬೆಲೆ ತಿಳಿದದ್ದು 2011ರಲ್ಲಿ. ಆ ವರ್ಷದ ಆರಂಭದಲ್ಲಿ ಭಾರೀ ನೆರೆ ಮತ್ತು ಯಾಸಿ ಚಂಡಮಾರುತ ಕಡಲಹುಲ್ಲನ್ನು ಹಾಳುಗೆಡವಿದವು. ಅದೇ ವರ್ಷ ಗ್ಲ್ಯಾಡ್‌ಸ್ಟನ್ ಬಂದರಿನಲ್ಲಿ, ಕರ್ಟಿಸ್ ದ್ವೀಪದ ಅನಿಲ ಸ್ಥಾವರಗಳಿಗೆ ಹಡಗು ಬರಲೆಂದು, ಹೂಳೆತ್ತುವ ಕೆಲಸವೂ ಆರಂಭವಾಯಿತು. ವರ್ಷದ ಕೊನೆಯ ಸಮೀಕ್ಷೆಯಲ್ಲಿ ಆ ಕರಾವಳಿಯ ಕಡಲಹಸುಗಳ ಸಂಖ್ಯೆ, ಎಣಿಕೆ ಆರಂಭವಾದಂದಿನಿಂದ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಬಂದರಿನಿಂದ ಬಹುದೂರದ ಕಡಲಲ್ಲೂ ಇಳಿದದ್ದರಿಂದ ನೆರೆ, ಚಂಡಮಾರುತಗಳ ಪಾತ್ರ ಸ್ಪಷ್ಟವಾಯಿತು. ಹಳೆಯ ಅಂಕಿಗಳಿಲ್ಲದಿದ್ದರೆ ಇಳಿದದ್ದೇ ತಿಳಿಯುತ್ತಿರಲಿಲ್ಲ.

ಆದರೆ ಬಂದರಿನೊಳಗಿನ ಪ್ರಶ್ನೆ ಅಷ್ಟು ಸುಲಭವಲ್ಲ. ಅಲ್ಲಿ ಕಡಲಹಸುಗಳು ತೀರ ಕಡಿಮೆ. ಹಾರಾಟದಲ್ಲಿ ಒಂದೂ ಕಾಣದಿರಬಹುದು. ಹಾಗೆಂದು ಇಲ್ಲವೆನ್ನಲಾಗದು. ನೀರಿಳಿದಾಗ ಕಡಲಹುಲ್ಲಿನಲ್ಲಿ ಅವು ಮೇದ ಜಾಡು ಸಾಕ್ಷಿ ಹೇಳುತ್ತದೆ.

ಕಡಲಹಸು ಕೆಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುತ್ತದೆ. ಕಳೆದುಕೊಂಡದ್ದು ಬೇಗ ತುಂಬಿ ಬರುವುದಿಲ್ಲ. ಕಾರ್ಖಾನೆ ಬಂದ ಮೇಲೆ ಎಣಿಸಲು ಹೊರಟರೆ, ಮೊದಲು ಎಷ್ಟಿದ್ದವೆಂದು ಹೇಳುವವರು ಯಾರು?