ರಿಯಾಯಿತಿ ಬಿಲ್ಲಿನ್ಯಾಗಲ್ಲ, ಅಂಗಡಿ ಕೌಂಟರಿನ್ಯಾಗ ಬೇಕು

1/5
ಮನ್ಯಾಗ ಎಸಿ ಮಾತು ತೆಗೆದಾಗ "ಅದೆಲ್ಲಾ ಶ್ರೀಮಂತರ ಶೋಕಿ" ಅಂತ ಬೈಸಿಕೊಂಡವರು ಇದನ್ನ ಪೂರ್ತಿ ಓದ್ರಿ. ಏಪ್ರಿಲ್-ಮೇದಾಗ ಜಮಖಂಡಿ, ಮುಧೋಳ, ಬೀಳಗಿಯಲ್ಲಿ 40 ಡಿಗ್ರಿ ಅನ್ನೋದು ಸುದ್ದಿನೇ ಅಲ್ಲ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಕೆಳಗ ಮಲಗಿದವರ ಮೇಲೆ ಬಿಸಿ ಉಗುಳತೈತಿ. ರಬಕವಿ-ಬನಹಟ್ಟಿಯಲ್ಲಿ ಎಷ್ಟೋ ಮಂದಿ ಮನೆಯೊಳಗೇ ಮಗ್ಗ ಇಟ್ಕೊಂಡು ಪತ್ರಾಸ್ ಕೆಳಗ ದುಡೀತಾರ. ಇವರ ಮುಂದ ನಿಂತು ಶೋಕಿ ಅಂತ ಹೇಳ್ರಿ ನೋಡೋಣ.

2/5
ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿ ಬಹಳ ವರ್ಷದಿಂದ ಒಂದು ರಿಯಾಯಿತಿ ಬಂದಿದೆ. ಸೋಲಾರ್ ವಾಟರ್ ಹೀಟರ್ ಹಾಕಿಸಿದ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚಂದ್ರ ₹50. ಒಳ್ಳೇದೇ. ಆದರೆ ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹೀಟರ್ ಇಲ್ಲದೇನೇ ಕುದೀತಿರತೈತಿ! ನೀರು ಕಾಯಿಸಿದವರಿಗೆ ಬೆನ್ನು ತಟ್ಟಿದ ವ್ಯವಸ್ಥೆ, ಕಡಿಮೆ ಕರೆಂಟಿನ್ಯಾಗ ಮನಿ ತಂಪು ಮಾಡ್ಕೊಂಡವರಿಗೆ ಏನು ಕೊಟ್ಟಿದೆ?

3/5
ಈಗ ಲೆಕ್ಕ. ಬೇಜಾರಾದ್ರೂ ಬಿಡಬ್ಯಾಡ್ರಿ.

ಎಸಿ ಮೇಲಿನ ಸ್ಟಾರ್ ಸ್ಟಿಕರಿನಲ್ಲಿ ವರ್ಷದ ಯೂನಿಟ್ ಬರೆದಿರತಾರ. ಅದು 1600 ತಾಸಿನ ಲೆಕ್ಕ. ಒಂದರ ಮೇಲೆ 960, ಇನ್ನೊಂದರ ಮೇಲೆ 720 ಇದೆ ಅಂತ ಇಟ್ಕೊಳ್ರಿ. ರಾತ್ರಿ 8 ತಾಸು, 30 ದಿನ ಓಡಿದ್ರ ಮೊದಲನೇದು 144 ಯೂನಿಟ್, ಎರಡನೇದು 108. ಉಳಿದ ಮನೆ ಖರ್ಚು 75 ಕೂಡಿಸ್ರಿ: 219 ಮತ್ತು 183.

ಗೃಹಜ್ಯೋತಿಯ ನಿಯಮ ನೆನಪೈತಲ್ಲ? ನಿಮ್ಮ ಹಳೇ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ಪುಕ್ಕಟೆ ಮಿತಿ ಕೊಟ್ಟಾರ. ಮಿತಿ ದಾಟಿದ್ರೂ 200ರ ಒಳಗಿದ್ರ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದ್ರ ಇಡೀ ಬಿಲ್ಲು ನಿಮ್ಮದೇ. ಮಿತಿ 90, ಯೂನಿಟ್‌ಗೆ ₹6 ಅಂತ ಹಿಡೀರಿ. 183ರ ಮನೆ ₹558 ಕಟ್ಟತೈತಿ, 219ರ ಮನೆ ₹1314. ಬರೀ 36 ಯೂನಿಟ್ ಫರಕಿಗೆ ₹756!

ಅಂದ್ರ ಅಂಗಡಿಯಲ್ಲಿ ಏಳೆಂಟು ಸಾವಿರ ಹೆಚ್ಚು ಎಣಿಸಿ ಒಳ್ಳೇ ಎಸಿ ತಂದವನಿಗೆ ಪುಕ್ಕಟೆ ಕರೆಂಟೂ ಉಳೀತು. ಇದ್ದದ್ದರಲ್ಲಿ ಅಗ್ಗದ್ದನ್ನ ಇಎಂಐ ಮೇಲೆ ತಂದವನಿಗೆ ಅದೂ ಹೋತು. ಅವನು ದಡ್ಡ ಅಲ್ಲ, ಕೌಂಟರ್ ಮುಂದ ನಿಂತಾಗ ಕಿಸೆಯಲ್ಲಿ ಅಷ್ಟೇ ಇತ್ತು. ಸಹಾಯ ಬೇಕಾದದ್ದು ಆ ಹೊತ್ತಿಗೆ.

4/5
"ದಿಲ್ಲಿಯಲ್ಲಿ ಕೊಡ್ತಾರಲ್ಲ" ಅಂತೀರಿ. ಹೌದು, ಅಲ್ಲಿ ಬಿಎಸ್‌ಇಎಸ್ ಕಂಪನಿಗಳು ಹಳೇ ಎಸಿ ಕೊಟ್ಟವರಿಗೆ ಹೆಚ್ಚು ಸ್ಟಾರಿನ ಹೊಸದನ್ನ ದೊಡ್ಡ ರಿಯಾಯಿತಿಯಲ್ಲಿ ಕೊಡೋ ಯೋಜನೆ ತಂದಾವ. (ರಿಯಾಯಿತಿ ಎಂಆರ್‌ಪಿ ಮೇಲೆ. ಎಂಆರ್‌ಪಿಗೆ ನಮ್ಮಲ್ಲಿ ಯಾರು ಎಸಿ ಕೊಳ್ತಾರೋ ನನಗಂತೂ ಗೊತ್ತಿಲ್ಲ.) ಅದನ್ನೇ ಹೆಸ್ಕಾಂ ಇಲ್ಲಿಗೆ ನಕಲು ಹೊಡೆದ್ರ ಉಪಯೋಗಿಲ್ಲ. ಬನಹಟ್ಟಿಯ ನೇಕಾರ ಹಳೇ ಎಸಿ ಎಲ್ಲಿಂದ ತರಬೇಕು? ಅವನ ಹತ್ರ ಇರೋದು ಹಳೇ ಫ್ಯಾನ್.

ಹಂಗಾದ್ರ ಫ್ಯಾನಿನಿಂದಲೇ ಶುರು ಮಾಡ್ರಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕ 20 ತಾಸು ತಿರುಗಿದ್ರ ಒಂದೊಂದು ಫ್ಯಾನಿನಿಂದ ತಿಂಗಳಿಗೆ 27 ಯೂನಿಟ್ ಉಳೀತಾವ. ಮಜಾ ಏನಂದ್ರ, ಪುಕ್ಕಟೆ ಮಿತಿಯೊಳಗಿನ ಮನೆಗೆ ಇದರಿಂದ ಒಂದು ಪೈಸೆ ಲಾಭ ಇಲ್ಲ, ಬಿಲ್ಲು ಮೊದಲೇ ಸೊನ್ನೆ! ಲಾಭ ಸರ್ಕಾರದ್ದು, ಆ ಯೂನಿಟ್‌ನ ದುಡ್ಡು ಕಟ್ಟೋದು ಅದೇ. ಅಂದ ಮೇಲೆ ಫ್ಯಾನಿನ ಖರ್ಚಿನಲ್ಲೂ ಪಾಲು ಹಾಕಲಿ.

5/5
"ಎಸಿಗೆ ಸಬ್ಸಿಡಿ ಕೊಟ್ರ ಉಳ್ಳವರೇ ನುಂಗ್ತಾರ" ಅನ್ನೋ ಮಾತು ಸುಳ್ಳಲ್ಲ. ಅದಕ್ಕೇ ಒಂದು ಆರ್‌ಆರ್ ನಂಬರಿಗೆ ಒಂದೇ ಎಸಿ, ಅದೂ 5 ಸ್ಟಾರಿಗೆ ಮಾತ್ರ. ಬಂಗಲೆಯ ನಾಲ್ಕನೇ ಬೆಡ್‌ರೂಮಿಗೆ ಬ್ಯಾಡ. ಫ್ಯಾನಿಗೆ ಮೊದಲ ಪಾಳಿ.

"ಹೆಸ್ಕಾಂಗೆ ಏನು ಲಾಭ?" ಕಬ್ಬಿನ ಹಂಗಾಮು ಮುಗಿದು ಸಕ್ಕರೆ ಕಾರ್ಖಾನೆಗಳ ಕೋಜನ್ ಕರೆಂಟ್ ಇಳಿಯೋ ಹೊತ್ತಿಗೇ ನಮ್ಮಲ್ಲಿ ಸೆಕೆ ಏರತೈತಿ. ಆಗ ಕಡಿಮೆಯಾದ ಪ್ರತಿ ಯೂನಿಟ್ ಅವರಿಗೂ ಉಸಿರು. ಮತ್ತ ಇದು ಹೊಸ ಕೆಲಸವೂ ಅಲ್ಲ. 2015ರಲ್ಲಿ 'ಹೊಸ ಬೆಳಕು' ಅಂತ ಎಲ್‌ಇಡಿ ಬಲ್ಬನ್ನ ಅಂಗಡಿಗಿಂತ ಕಡಿಮೆ ರೇಟಿಗೆ ಕೊಡಿಸಿದ ರಾಜ್ಯ ಇದು.

ದರ ಪರಿಷ್ಕರಣೆಗೆ ಮುಂಚೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಜನರಿಂದ ಆಕ್ಷೇಪಣೆ ಕರೀತೈತಿ, ವಿಚಾರಣೆನೂ ನಡೆಸ್ತದೆ. ಯಾರು ಬೇಕಾದ್ರೂ ಬರೀಬಹುದು, ಕನ್ನಡದಲ್ಲೇ. ಮನೇಲಿರೋ ಮೇ ತಿಂಗಳ ಬಿಲ್ಲಿನ ಫೋಟೋ ತೆಗೆದಿಟ್ಕೊಳ್ರಿ, ಆರ್‌ಆರ್ ನಂಬರ್ ಮುಚ್ಚಿ ನನಗ ಕಳಿಸ್ರಿ. ನಾಲ್ಕೂ ಊರಿನ ಬಿಲ್ಲು ಒಂದೇ ಅರ್ಜಿಗೆ ಹಚ್ಚಿ ಕಳಿಸೋಣ.