ಮುಚ್ಚಂಜೆಯ ಹಾದಿ

ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗನೊಡನೆ ವಯನಾಡಿಗೆ ಹೊರಟಿದ್ದೆ. ಅವನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಊಟ ಮುಗಿಸಿ ಬಿಟ್ಟ ನಾವು ಗುಂಡ್ಲುಪೇಟೆಯನ್ನು ಹಾದು ಬಂಡೀಪುರದ ಕಾಡನ್ನು ಹೊಕ್ಕಾಗ ಹೊತ್ತು ಮುಳುಗಿತ್ತು; ಕತ್ತಲೆ ಇನ್ನೂ ಕವಿದಿರಲಿಲ್ಲ. "ಸ್ವಲ್ಪ ನಿಧಾನವಾಗಿ ನಡೆಸಪ್ಪ" ಎಂದೆ. "ಒಂಬತ್ತರವರೆಗೆ ದಾರಿ ತೆರೆದೇ ಇರುತ್ತದಲ್ಲ, ಮಾವ" ಎಂದ. ಅಷ್ಟರಲ್ಲಿ ಜಿಂಕೆಯೊಂದು ಅಡ್ಡ ಬಂತು. ಅವನು ವೇಗ ತಗ್ಗಿಸಿದ; ಅದು ಪೊದೆಯಲ್ಲಿ ಮರೆಯಾದೊಡನೆ ಮತ್ತೆ ವೇಗ ಹೆಚ್ಚಿಸಿದ. ಹಿಂದಿನಿಂದ ಬಂದ ಎರಡನೆಯದಕ್ಕೆ ಕಾರು ಬಡಿಯಿತು. ನಾವು ಇಳಿದು ನೋಡುವ ವೇಳೆಗೆ ಅದರ ಕಾಲುಗಳ ಒದ್ದಾಟ ನಿಲ್ಲುತ್ತ ಬಂದಿತ್ತು. ಸುದ್ದಿ ತಿಳಿದು ಬಂದ ಅರಣ್ಯರಕ್ಷಕನು ನಮ್ಮನ್ನು ಬೈಯಲಿಲ್ಲ. "ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಬೇಕು, ಸ್ವಾಮಿ" ಎಂದಷ್ಟೇ ಹೇಳಿದ.

ಅಂದಿನಿಂದ ಆ "ಒಂಬತ್ತರವರೆಗೆ" ಎಂಬ ಮಾತು ನನ್ನ ಮನಸ್ಸನ್ನು ಬಿಟ್ಟಿಲ್ಲ. ಬಂಡೀಪುರವನ್ನು ಸೀಳಿಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನಸಂಚಾರವನ್ನು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತವು ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇದನ್ನು ತೆಗೆಯಬೇಕೆಂದು 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಆದರೆ ಇಷ್ಟೆಲ್ಲ ವಾದವಿವಾದವೂ ಒಂಬತ್ತರ ನಂತರದ ಇರುಳನ್ನು ಕುರಿತದ್ದು. ಸೂರ್ಯಾಸ್ತದಿಂದ ಒಂಬತ್ತರವರೆಗಿನ ಹೊತ್ತಿನ ಗತಿಯೇನು?

ನಮ್ಮ ಹಿರಿಯರು ಈ ಹೊತ್ತನ್ನು ಗೋಧೂಳಿ ಎಂದು ಕರೆದರು. ಮನೆಗೆ ಮರಳುವ ಹಸುಗಳ ಕಾಲ್ದೂಳಿನಿಂದ ಹೊತ್ತಿಗೆ ಹೆಸರಾಯಿತು. ಆಗ ದಾರಿ ಪ್ರಾಣಿಗಳದು ಎಂಬ ಒಪ್ಪಿಗೆ ಆ ಹೆಸರಿನಲ್ಲಿಯೇ ಇದೆ. ಕಾಡಿನಲ್ಲಿಯೂ ಹಾಗೆಯೇ. ಹಗಲಿನ ಬಿಸಿಲಿಗೆ ನೆರಳು ಹಿಡಿದಿದ್ದ ಮೃಗಗಳು ಮೇವಿಗೆ, ನೀರಿಗೆ ಹೊರಡುವುದು ಮುಚ್ಚಂಜೆಯಲ್ಲಿ. ಅವುಗಳನ್ನು ರಸ್ತೆಯ ಬದಿಗೆ ಸೆಳೆಯುವವರೂ ಒಂದು ಬಗೆಯಲ್ಲಿ ನಾವೇ. ದೂರದವರೆಗೆ ಕಾಣಲೆಂದು ಅಂಚಿನ ಲಂಟಾನ ಪೊದೆಗಳನ್ನು ಕಡಿದಲ್ಲಿ ಎಳೆಹುಲ್ಲು ಚಿಗುರುತ್ತದೆ. ಹುಲ್ಲಿಗೆ ಜಿಂಕೆ ಬರುತ್ತದೆ. ಇನ್ನೊಂದೆಡೆ ಮನುಷ್ಯನ ಕಣ್ಣು ಆಗಲೇ ಸೋಲುತ್ತದೆ: ಆಕಾಶದಲ್ಲಿ ಬೆಳಕಿದ್ದರೂ ನೆಲದ ಮೇಲಿಲ್ಲ, ದೀಪ ಹಚ್ಚಿದರೂ ಅದು ಎದ್ದು ಕಾಣುವಷ್ಟು ಕತ್ತಲೆಯಿಲ್ಲ.

ಲೆಕ್ಕವನ್ನೂ ನೋಡೋಣ. ಗಂಟೆಗೆ 80 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಎಂದಿಟ್ಟುಕೊಂಡರೂ 33 ಮೀಟರು ಕಳೆದುಹೋಗುತ್ತದೆ. ನಿಲ್ಲಲು ಮತ್ತೆ ಸುಮಾರು 35 ಮೀಟರು ಬೇಕು. ತಗ್ಗಿಸಿದ ದೀಪ ಅಷ್ಟು ದೂರವನ್ನು ಚೆನ್ನಾಗಿ ಬೆಳಗುವುದಿಲ್ಲ. 40ರ ವೇಗದಲ್ಲಾದರೆ ಇದೆಲ್ಲ 26 ಮೀಟರಿನೊಳಗೆ ಮುಗಿಯುತ್ತದೆ. ಒಂದು ಜಿಂಕೆಯ ಸಾವಿಗೂ ಬದುಕಿಗೂ ನಡುವೆ ಇರುವುದು ಇಷ್ಟೇ.

ಹಾಗಾದರೆ ಕಾರುಗಳು ಸರಿಯಾಗಿ ಈ ಹೊತ್ತಿಗೇ ಕಾಡಿನೊಳಗೆ ಬರುವುದೇಕೆ? ವೈಟ್‌ಫೀಲ್ಡಿನಲ್ಲಿ, ಪೀಣ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾರವೆಲ್ಲ ದುಡಿದವರಿಗೆ ಸಿಕ್ಕುವುದು ಒಂದೆರಡು ದಿನದ ಬಿಡುವು. ಬೆಳಿಗ್ಗೆ ಮನೆಗೆಲಸ ಮುಗಿಸಿ, ನಗರದ ವಾಹನಸಂದಣಿಯನ್ನು ದಾಟಿ, 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯಲ್ಲಿ 100ರ ವೇಗವನ್ನು ಕಾಲಿಗೆ ರೂಢಿಮಾಡಿಕೊಂಡು, ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಬರುವ ವೇಳೆಗೆ ಸಂಜೆಯೇ ಆಗುತ್ತದೆ. ಆ ಕಾಲು ಕಾಡಿಗೆ ಬಂದ ಮಾತ್ರಕ್ಕೆ ಹಗುರಾಗುವುದಿಲ್ಲ.

ರಂಗನೆಂಬ ಆನೆಯ ಕಥೆಯನ್ನು ಓದುಗರು ಮರೆತಿರಲಾರರು. ಬೆಂಗಳೂರಿನ ಹೊರವಲಯಕ್ಕೆ ನುಗ್ಗಿ ಬೆಳೆ ಹಾಳುಮಾಡುತ್ತದೆಂಬ ಕಾರಣಕ್ಕೆ 2016ರಲ್ಲಿ ಅದನ್ನು ಹಿಡಿದು, ಪಳಗಿಸಿ, ನಾಗರಹೊಳೆಯ ಮತ್ತಿಗೋಡು ಶಿಬಿರದಲ್ಲಿ ಇರಿಸಿದರು. 2018ರ ಅಕ್ಟೋಬರಿನಲ್ಲಿ, ಬೆಳಕು ಹರಿಯುವ ಮುನ್ನ, ಅಲ್ಲಿನ ಹೆದ್ದಾರಿಯಲ್ಲಿ ಬಸ್ಸೊಂದು ಬಡಿದು ಅದು ಸತ್ತಿತು. ಅದು ಬಂಡೀಪುರದ ಬಾಗಿಲು ಮುಚ್ಚಿದಾಗ ಬಳಸುದಾರಿಯಾಗಿ ಒದಗುವ ಹುಣಸೂರು–ಗೋಣಿಕೊಪ್ಪದ ರಸ್ತೆ. ನಮ್ಮ ಎಲ್ಲೆಯನ್ನು ಮೀರಿದ್ದಕ್ಕೆ ಆನೆಗೆ ಸೆರೆಯಾಯಿತು. ಅದರ ಎಲ್ಲೆಯೊಳಗೆ ನಾವು ಹೋದದ್ದಕ್ಕೂ ಅದೇ ಬೆಲೆ ತೆತ್ತಿತು.

ಹಾಗೆಂದು ಬಂಡೀಪುರದ ಬಾಗಿಲನ್ನು ಆರಕ್ಕೇ ಮುಚ್ಚಬೇಕೆ? ನಾಗರಹೊಳೆಯ ಅಂಚಿನ ಮೈಸೂರು–ಮಾನಂದವಾಡಿ ರಸ್ತೆಯನ್ನು 2008ರಲ್ಲಿ ಹಾಗೆ ಆರಕ್ಕೇ ಮುಚ್ಚಿದರು. ಆದರೆ ವಯನಾಡಿನ ರೋಗಿಗೆ, ತರಕಾರಿ ಸಾಗಿಸುವ ಲಾರಿಯವನಿಗೆ ಕೋಳಿಕ್ಕೋಡಿನ ಹೆದ್ದಾರಿ ಜೀವನದ ದಾರಿ. ಅವರ ಅಗತ್ಯವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಬೆಂಗಳೂರಿನಿಂದ ವಿಹಾರಕ್ಕೆ ಹೋಗುವ ನಮಗೆ ಅಂಥ ಅಗತ್ಯವೇನಿದೆ? ಕಾನೂನು ಎಲ್ಲರಿಗೂ ಸೇರಿ ಒಂದು ಗಡಿಯನ್ನು ಹಾಕಬಲ್ಲುದು. ಅವಸರವಿಲ್ಲದವನು ತನಗೆ ಇನ್ನೂ ಬಿಗಿಯಾದ ಗಡಿಯನ್ನು ತಾನೇ ಹಾಕಿಕೊಳ್ಳಬೇಕು. ಸಂಜೆಯಾಯಿತೆಂದರೆ ಗುಂಡ್ಲುಪೇಟೆಯಲ್ಲಿ ಉಳಿದು, ಮಾರನೆಯ ದಿನ ಬಿಸಿಲೇರಿದ ಮೇಲೆ ಕಾಡನ್ನು ದಾಟಿದರೆ ನಮಗೆ ಹೋಗುವುದು ಒಂದು ರಾತ್ರಿಯ ಕೋಣೆಯ ಬಾಡಿಗೆ ಮಾತ್ರ.

ತಗ್ಗಾಗಿದ್ದ ಕಾರಿನ ಮುಂಭಾಗ ಒಂದು ವಾರದಲ್ಲಿ ಸರಿಯಾಯಿತು. ಅಕ್ಕನ ಮಗ ಮಾತ್ರ ಈಗಲೂ ಒಮ್ಮೊಮ್ಮೆ ಕೇಳುತ್ತಾನೆ: "ಮೊದಲನೆಯದು ದಾಟಿದ ಮೇಲೆ ನಾನು ನಿಂತಿದ್ದರೆ, ಮಾವ?" ನನ್ನಲ್ಲಿ ಉತ್ತರವಿಲ್ಲ. ದಾರಿ ಒಂಬತ್ತರವರೆಗೆ ತೆರೆದಿತ್ತು ಎಂಬುದು ಆ ಪ್ರಶ್ನೆಗೆ ಉತ್ತರವಾಗಲಾರದೆಂದು ಇಬ್ಬರಿಗೂ ಗೊತ್ತು.